ಪಾಚಿಹೊಂಡ ಮತ್ತು ಸಾಹೇಬರ ಫೋನು

ಈ ಕೆಲಸಕ್ಕೆ ಹೊಸದಾಗಿ ಸೇರುವವರು ಮೊದಲ ದಿನ ಮೂಗು ಮುಚ್ಚಿಕೊಳ್ಳುತ್ತಾರೆ. ಹದಿನೈದು ದಿನಕ್ಕೆ ಕೈ ತಾನಾಗಿಯೇ ಕೆಳಗಿಳಿಯುತ್ತದೆ. ಆರು ತಿಂಗಳಾದ ಮೇಲೆ ಮನೆಯವರು ನಿಮ್ಮನ್ನು ಕಂಡು ಮೂಗು ಮುಚ್ಚಿಕೊಳ್ಳಲು ಶುರು ಮಾಡುತ್ತಾರೆ. ಅಲ್ಲಿಗೆ ನಿಮ್ಮ ತರಬೇತಿ ಮುಗಿಯಿತು ಎಂದು ತಿಳಿಯಿರಿ.

ನಾನು ನಿವೃತ್ತನಾಗಿ ವರ್ಷಗಳೇ ಕಳೆದವು. ಯಾವಾಗ ಬಡ್ತಿ ಸಿಕ್ಕಿತು, ಬೀಳ್ಕೊಡುಗೆಯಲ್ಲಿ ಯಾರು ಹಾರ ಹಾಕಿದರು ಎಂಬುದನ್ನೆಲ್ಲ ಬರೆಯುವುದಿಲ್ಲ; ಅದನ್ನು ಕೇಳಲು ನನ್ನ ಹೆಂಡತಿಯೇ ತಯಾರಿಲ್ಲ. ಬರೆಯಬೇಕಾದದ್ದು ಒಂದೇ ಸಂಗತಿ. ಬೇಸಿಗೆಯಲ್ಲಿ ಹೊಳೆಯ ಮರಳು ಬಗೆದು ನೀರು ಕುಡಿಯುತ್ತಿದ್ದ ಒಂದು ಹಳ್ಳಿ ಇತ್ತು. ಅದರ ಮೇಲುಗಡೆ ನಮ್ಮ ಊರಿನ ಕೊಳಚೆ ನೀರಿನ ಎರಡು ಹೊಂಡಗಳಿದ್ದವು. ಇವೆರಡರ ನಡುವೆ ಇದ್ದದ್ದು ನಾಲ್ಕು ಮರದ ಹಲಗೆ. ಆ ಹಲಗೆ ಕಾಯುವುದಷ್ಟೇ ನಮ್ಮ ಕೆಲಸ. ಕಾಯಲಿಲ್ಲ. ಹೇಗೆ ಕಾಯಲಿಲ್ಲ ಎಂಬುದನ್ನು ಈಗ ಹೇಳುತ್ತೇನೆ. ಈ ಕೆಲಸಕ್ಕೆ ಬರುವ ಹುಡುಗರಿಗೆ ಉಪಯೋಗಕ್ಕೆ ಬರಬಹುದು.

ಎಪ್ಪತ್ತರ ದಶಕದ ನಡುವೆ ಕಿರಿಯ ಆರೋಗ್ಯ ನಿರೀಕ್ಷಕನಾಗಿ ತರೀಕೆರೆಯಲ್ಲಿ ಸೇರಿದೆ. ವಯಸ್ಸು ಇಪ್ಪತ್ಮೂರು, ತೂಕ ಒಂದು ಮೂಟೆ ಹತ್ತಿಗಿಂತ ಕಡಿಮೆ, ಬಾಯಿ ಮಾತ್ರ ಎರಡಾಳಿನದು. ಮೇಲಿನವರ ಧ್ವನಿ ಅನುಕರಿಸುವುದು ನನಗೆ ಚಿಕ್ಕಂದಿನಿಂದ ಹತ್ತಿದ ರೋಗ. ತರೀಕೆರೆಯ ಹಿರಿಯ ಇನ್‌ಸ್ಪೆಕ್ಟರಿಗೆ ಉಬ್ಬಸವಿತ್ತು. ಅವರು ಒಂದು ವಾಕ್ಯವನ್ನು ಮೂರು ಉಸಿರಿನಲ್ಲಿ ಹೇಳುವರು. ಅವರು ರಜೆ ಹಾಕಿದ ದಿನ ನಾನು ಅವರ ಕುರ್ಚಿಯಲ್ಲಿ ಕೂತು ಅದೇ ಮೂರು ಉಸಿರಿನಲ್ಲಿ ಜವಾನನನ್ನು ಬೈದರೆ ಕಚೇರಿಯೆಲ್ಲ ನಗುತ್ತಿತ್ತು. ಒಮ್ಮೆ ಅವರು ಬಾಗಿಲಲ್ಲಿ ನಿಂತು ಪೂರ್ತಿ ಕೇಳಿ, “ಇನ್ನೊಂದ್... ಚೂರು ನಿಧಾನ... ಇರ್ಲಿ ಕಣೋ” ಎಂದು ತಿದ್ದಿ ಒಳಗೆ ಹೋದರು. ನನ್ನನ್ನು ಕಡೂರಿನ ಕಡೆಗೆ ವರ್ಗ ಮಾಡಿಸಿದ್ದು ಅವರೇ ಎಂದು ಆಮೇಲೆ ತಿಳಿಯಿತು. ಪ್ರೀತಿಯಿಂದಲೋ ಸಿಟ್ಟಿನಿಂದಲೋ ಗೊತ್ತಾಗಲಿಲ್ಲ.

ಹೋದ ಊರಿನ ಹೆಸರು ಬರೆಯುವುದಿಲ್ಲ. ಕಡೂರಿಗೆ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರದ ಸಣ್ಣ ಊರು. ಊರಿನ ಚರಂಡಿಯೆಲ್ಲ ತಗ್ಗಿನ ಒಂದು ಬಾವಿಗೆ ಬಂದು ಬೀಳುತ್ತಿತ್ತು. ಪಂಪು ಆ ನೀರನ್ನು ಎತ್ತಿ, ಮಣ್ಣಿನ ಏರಿ ಕಟ್ಟಿದ ಎರಡು ಹೊಂಡಗಳಿಗೆ ಬಿಡುತ್ತಿತ್ತು. ಕಾಗದದಲ್ಲಿ ಅದಕ್ಕೆ ಆಕ್ಸಿಡೇಶನ್ ಪಾಂಡ್ ಎಂಬ ಹೆಸರು. ಊರಿನವರಿಗೆ ಅದು ಪಾಚಿಹೊಂಡ. ಮೊದಲ ಹೊಂಡದಿಂದ ಎರಡನೆಯದಕ್ಕೆ, ಅಲ್ಲಿಂದ ಗಾರೆಯ ಒಂದು ತೂಬಿನ ಮೂಲಕ ಹಳ್ಳಕ್ಕೆ, ಹಳ್ಳದಿಂದ ವೇದಾವತಿಗೆ. ಆ ತೂಬಿನ ಬಾಯಿಯ ಸೀಳಿನಲ್ಲಿ ಒಂದರ ಮೇಲೊಂದು ಕೂರುವ ಹಲಗೆಗಳೇ ನಾನು ಹೇಳಿದ ನಾಲ್ಕು ಹಲಗೆ. ಮಳೆಗಾಲದಲ್ಲಿ ಹೊಳೆ ಹರಿಯುವಾಗ ಎರಡು ತೆಗೆಯಬೇಕು. ಬೇಸಿಗೆಯಲ್ಲಿ ನಾಲ್ಕೂ ಹಾಕಿಯೇ ಇರಬೇಕು. ಬಿಸಿಲೂ ನೆಲವೂ ಆ ನೀರನ್ನು ಕುಡಿದು ಮುಗಿಸಬೇಕು. ಇಷ್ಟೇ ವಿದ್ಯೆ.

ಹೊಂಡವನ್ನೂ ಪಂಪನ್ನೂ ನೋಡುತ್ತಿದ್ದವನು ಹನುಮಣ್ಣ, ಕಾಗದದಲ್ಲಿ ಹನುಮಯ್ಯ. ಐವತ್ತರ ಹತ್ತಿರದ ಆಳು, ಹನ್ನೆರಡು ವರ್ಷದಿಂದ ಹಂಗಾಮಿ. ಅವನನ್ನು ಖಾಯಂ ಮಾಡುವ ಕಡತ ಚಿಕ್ಕಮಗಳೂರಿಗೆ ಹೋಗಿತ್ತು. ಅವನಿಗೆ ಓದು ಬರಹ ಬಾರದು. ಆದರೆ ದಿನಾ ಬೆಳಿಗ್ಗೆ ಬಿಳಿ ಪಿಂಗಾಣಿ ತಟ್ಟೆಯೊಂದನ್ನು ಹಗ್ಗಕ್ಕೆ ಕಟ್ಟಿ ಹೊಂಡಕ್ಕೆ ಇಳಿಬಿಟ್ಟು, ಅದು ಎಷ್ಟನೇ ಗಂಟಿನಲ್ಲಿ ಕಾಣದಾಗುತ್ತದೆ ಎಂದು ನೋಡಿ ನೀರಿನ ಬಣ್ಣ ಹೇಳುತ್ತಿದ್ದ. ಅವನ ಲೆಕ್ಕದಲ್ಲಿ ಮೂರೇ ಬಣ್ಣ: ಗಿಳಿಹಸಿರು, ಬಾಳೆಎಲೆ, ಹುಣಸೆಚಿಗುರು. ನಾನು ಅದನ್ನೇ ಪುಸ್ತಕದಲ್ಲಿ ಬರೆಯುತ್ತಿದ್ದೆ. ಮೇಲಿನವರು ಒಮ್ಮೆ ಆ ಪುಸ್ತಕ ನೋಡಿ, “ಇದೇನ್ರೀ, ಸೀರೆ ಅಂಗಡಿಯ ರಿಜಿಸ್ಟ್ರೋ?” ಎಂದರು.

ಹೀಗೆಂದವರು ಇಂಜಿನಿಯರ್ ಸಾಹೇಬರು. ಅವರು ಒಳ್ಳೆಯವರು. ಒಳ್ಳೆಯವರನ್ನು ಅಣಕಿಸುವುದು ಸುಲಭ, ಅವರು ಬದಲಾಗುವುದಿಲ್ಲ. ಮಾತಿಗೆ ಮುಂಚೆ ಎರಡು ಸಲ ಗಂಟಲು ಸರಿ ಮಾಡಿಕೊಳ್ಳುವರು, ಮೂಗಿನಲ್ಲಿ ಮಾತು ಹೊರಡಿಸುವರು, ಪ್ರತಿ ಆಜ್ಞೆಯ ಕೊನೆಗೆ “ತಿಳೀತೇನ್ರೀ?” ಎನ್ನುವರು. ಪಾಚಿಯ ಗುಟ್ಟನ್ನು ನನಗೆ ಹೇಳಿಕೊಟ್ಟವರು ಅವರೇ.

“ಹಸಿರಿದ್ರೆ ಹೊಂಡ ಉಸಿರಾಡ್ತಾ ಇದೆ ಅಂತ. ಪಾಚಿ ಬಿಸಿಲಲ್ಲಿ ಉಸಿರು ಕೊಡುತ್ತೆ, ಆ ಉಸಿರು ಕುಡಿದು ಕಣ್ಣಿಗೆ ಕಾಣದ ಹುಳ ಬದುಕುತ್ತೆ, ಹುಳ ಕೊಳೆ ತಿನ್ನುತ್ತೆ. ಹಸಿರು ಹೋಯ್ತೋ, ನಾವೂ ಹೋದ್ವಿ. ತಿಳೀತೇನ್ರೀ?”

“ತಿಳೀತು ಸಾರ್” ಎಂದೆ. ತಿಳಿದೂ ಇತ್ತು. ತಿಳಿಯದೆ ಮಾಡಿದ್ದರೆ ಇದನ್ನು ಬರೆಯುತ್ತಲೇ ಇರಲಿಲ್ಲ.

ಅವರೇ ಒಂದು ದಿನ ನನ್ನನ್ನು ಹಳ್ಳದ ಗುಂಟ ನಡೆಸಿಕೊಂಡು ಹೊಳೆಯವರೆಗೆ ಹೋದರು. ಬೇಸಿಗೆ. ಹೊಳೆಯಲ್ಲಿ ನೀರಿಲ್ಲ, ಮರಳು ಮಾತ್ರ. ಮರಳಿನಲ್ಲಿ ಅಲ್ಲಲ್ಲಿ ಚಿಲುಮೆ ತೋಡಿದ್ದರು, ಮೊಣಕಾಲುದ್ದದ ಗುಂಡಿಗಳು. ಹೆಂಗಸರು ಮೊದಲು ನಿಂತ ನೀರನ್ನು ತೆಂಗಿನ ಚಿಪ್ಪಿನಲ್ಲಿ ಮೊಗೆದು ಹೊರಗೆ ಚೆಲ್ಲಿ, ಆಮೇಲೆ ಹೊಸದಾಗಿ ಊರಿದ್ದನ್ನು ಕೊಡಕ್ಕೆ ತುಂಬುತ್ತಿದ್ದರು. ಮೂವತ್ತು ಮನೆಯ ಹಳ್ಳಿಗೆ ಮಳೆಗಾಲದವರೆಗೆ ಅದೇ ನೀರು. ಅವರಲ್ಲಿ ದೊಡ್ಡ ಬಾಯಿಯವಳು ಕೆಂಚಮ್ಮ. ನಮ್ಮನ್ನು ನೋಡಿದ್ದೇ ಸೊಂಟದ ಮೇಲೆ ಕೈಯಿಟ್ಟಳು.

“ಏನ್ರಪ್ಪಾ ಗಬ್ಬುನೀರಿನ ಸಾಹೇಬ್ರೇ, ನಿಮ್ಮೂರ ಕೊಚ್ಚೆ ನಮ್ಮ ಚಿಲ್ಮೆಗೆ ಬರಲ್ಲ ತಾನೇ?”

ಸಾಹೇಬರು ಮುಂದೆ ಹೋಗಿದ್ದರು; ಅವರ ಮಾತಿನ ಧಾಟಿ ಆ ಹೆಂಗಸರಿಗೆ ಮೊದಲೇ ಗೊತ್ತಿತ್ತು. ನಾನು ಎರಡು ಸಲ ಗಂಟಲು ಸರಿ ಮಾಡಿಕೊಂಡು, ಮೂಗಿನಲ್ಲಿ, “ಬರೋ ಪ್ರಶ್ನೆನೇ ಇಲ್ಲ. ತಿಳೀತೇನ್ರೀ?” ಎಂದೆ. ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಕೆಂಚಮ್ಮ, “ಅಯ್ಯೋ ನಿನ್ನ ಮನೆ ಕಾಯ್ವಾಗ! ಹಿಂದ್ಲಿಂದ ಅವ್ರೇ ಬಂದಂಗಾಯ್ತಲ್ಲೋ” ಎಂದು ನನ್ನ ಕೈಗೆ ಒಂದು ಚಿಪ್ಪು ನೀರು ಕೊಟ್ಟಳು. ತಣ್ಣಗಿತ್ತು.

ಈಗ ಫೋನಿನ ವಿಷಯ. ಕರೆಂಟು ಹೋದಾಗ ತಿಳಿಸಲೆಂದು ಪಂಪ್‌ಹೌಸಿನಲ್ಲಿ ಒಂದು ಕಪ್ಪು ಫೋನು ಇಟ್ಟಿದ್ದರು. ನಾನು ಸೇರಿದ ಹೊಸತರಲ್ಲಿ ಹನುಮಣ್ಣ ನನ್ನ ಮಾತಿಗೆ ಸೊಪ್ಪು ಹಾಕುತ್ತಿರಲಿಲ್ಲ. “ಏರಿ ಮೇಲಿನ ಜಾಲಿ ಕಡಿಸು” ಎಂದರೆ, “ಆಯ್ತು ಬಿಡಿ ಇನಿಸ್ಪೆಟ್ರೇ” ಎನ್ನುವನು, ಜಾಲಿ ಇನ್ನೊಂದು ಗೇಣು ಬೆಳೆಯುವುದು. ಬೇಸತ್ತು ಒಂದು ದಿನ ಕಚೇರಿಯ ಫೋನೆತ್ತಿ ಸಾಹೇಬರ ಧ್ವನಿಯಲ್ಲಿ ಹೇಳಿದೆ. ಸಂಜೆಯೊಳಗೆ ಏರಿ ಬೋಳಾಗಿತ್ತು. ಅಲ್ಲಿಂದ ಮುಂದೆ ನಾನು ಕೆಲಸ ಮಾಡಿಸಿದ್ದೇ ಹಾಗೆ. ಹಲಗೆಗೆ ಬಳಿಯುವ ಟಾರು, ಪಂಪಿನ ಗ್ರೀಸು, ತಂತಿ ಬೇಲಿ, ಎಲ್ಲವೂ ಸಾಹೇಬರ ಮೂಗಿನಿಂದ. ಸಾಹೇಬರು ಚಿಕ್ಕಮಗಳೂರಿಗೆ ಹೋದಾಗಂತೂ ಮೊದಲು ಎಕ್ಸ್‌ಚೇಂಜಿನ ಹೆಣ್ಣುಮಗಳ ಧ್ವನಿಯಲ್ಲಿ, “ಚಿಕ್ಕಮಗಳೂರು ಟ್ರಂಕ್ ಕಾಲ್, ಮಾತಾಡಿ” ಎಂದು, ಬಾಯಲ್ಲೇ ಒಂದಿಷ್ಟು ಗೊರಗೊರ ಮಾಡಿ, ಆಮೇಲೆ ಸಾಹೇಬರಾಗುತ್ತಿದ್ದೆ. ಕೆಲಸಗಾರಿಕೆ ಅಷ್ಟು ಚೊಕ್ಕ.

ಸಿಕ್ಕಿಬಿದ್ದದ್ದು ಹೀಗೆ. ಒಂದು ಮಧ್ಯಾಹ್ನ ಫೋನ್ ಮಾಡಿ ಸಾಹೇಬರ ಧ್ವನಿಯಲ್ಲಿ, “ಏನ್ರೀ ಹನುಮಯ್ಯ, ಹೂಳು ತೆಗೆಸಿದ್ರಾ?” ಎಂದೆ. ಆ ಕಡೆ ಸದ್ದಿಲ್ಲ. ಮತ್ತೆ ಗದರಿದೆ. ಆಗ ಹನುಮಣ್ಣ ಬಹಳ ಮೆತ್ತಗೆ, “ರಾಂಗ್ ನಂಬ್ರು ಸ್ವಾಮಿ” ಎಂದು ಇಟ್ಟುಬಿಟ್ಟ. ನಿಜವಾದ ಸಾಹೇಬರು ಅವನ ಎದುರಿಗೇ ಸ್ಟೂಲಿನ ಮೇಲೆ ಕೂತು ಎಳನೀರು ಕುಡಿಯುತ್ತಿದ್ದರಂತೆ!

ನನ್ನನ್ನು ಹಿಡಿದುಕೊಡಬಹುದಿತ್ತು. ಕೊಡಲಿಲ್ಲ. ಮಾರನೆಯ ದಿನ ಹೊಂಡದ ಏರಿಯ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. “ಎಲಾ ಇನಿಸ್ಪೆಟ್ರಪ್ಪಾ! ಎರಡು ವರ್ಷ ನನ್ನ ಕುಣಿಸ್ಬಿಟ್ಟಲ್ಲೋ. ಟ್ರಂಕ್ ಕಾಲ್ ಹೆಂಗ್ಸೂ ನೀನೇಯಾ?” ಅಲ್ಲಿಂದ ಅವನು ನನಗೆ ಏಕವಚನ, ನಾನು ಅವನಿಗೆ ಸಲಿಗೆ. ಕೆಲಸವನ್ನು ಮಾತ್ರ ಆಮೇಲೆ ಹೇಳದೆಯೇ ಮಾಡುತ್ತಿದ್ದ. ಆದರೂ ನಾನು ಫೋನು ಬಿಡಲಿಲ್ಲ. ಈಗ ತಮಾಷೆಗೆ. “ಹೊಂಡದಲ್ಲಿ ಎಷ್ಟು ಕಪ್ಪೆ ಇದಾವೆ ಎಣಿಸಿ ವರದಿ ಕಳಿಸಿ, ತಿಳೀತೇನ್ರೀ?” ಎನ್ನುವೆ. “ಹೂಂ ಸಾರ್, ಗಂಡೆಷ್ಟು ಹೆಣ್ಣೆಷ್ಟು ಬೇರೆ ಬೇರೆ ಬರೀಬೇಕಾ?” ಎನ್ನುವನು. ಫೋನಿನಲ್ಲಿ ಬಂದ ಆಜ್ಞೆ ಎಷ್ಟು ವಿಚಿತ್ರವೋ, ಮಾತಾಡುತ್ತಿರುವವನು ನಾನೇ ಎಂದು ಅವನಿಗೆ ಅಷ್ಟು ಖಾತ್ರಿ.

ಆ ಬೇಸಿಗೆ ಬಂತು. ಜಿಲ್ಲೆಯ ದೊಡ್ಡ ಅಧಿಕಾರಿಯೊಬ್ಬರು ಹೊಂಡ ನೋಡಲು ಬರುತ್ತಾರೆಂದು ಸುದ್ದಿಯಾಯಿತು. ನಮ್ಮ ಪುರಸಭೆಯ ಅಧ್ಯಕ್ಷರು ಮೊದಲೇ ಒಮ್ಮೆ ನೋಡಿ ಬರೋಣವೆಂದು ಹೊರಟರು. ಅವರ ಬಾಯಲ್ಲಿ ಸದಾ ಎಲೆಅಡಿಕೆ. ರಸ ಚೆಲ್ಲದಂತೆ ಗಲ್ಲ ಮೇಲೆತ್ತಿ ಆಕಾಶದ ಜೊತೆ ಮಾತಾಡುತ್ತಿದ್ದರು. ಅವರನ್ನು ಅಣಕಿಸಲು ಬಾಯಿಗೆ ಒಂದು ಲೋಟ ನೀರು ತುಂಬಿಕೊಂಡರೆ ಸಾಕಿತ್ತು. ಏರಿ ಹತ್ತಿ ಹೊಂಡ ನೋಡಿದವರೇ ಗಲ್ಲ ಇಳಿಸಿದರು.

“ಥೂ! ಏನ್ರೀ ಇದು, ಪಾಚಿ ಕಟ್ಕೊಂಡು ಕೊಳೆತೈತೆ? ದೊಡ್ಡೋರು ಬಂದು ನೋಡಿದ್ರೆ ನಮ್ಮ ಮುಖಕ್ಕೆ ಉಗೀತಾರೆ.”

“ಹಸಿರೇ ಒಳ್ಳೇದು ಸಾರ್. ಇಂಜಿನಿಯರ್ ಸಾಹೇಬರು...”

“ಅವರು ರಜಾ ಮೇಲೆ ಹೋಗವ್ರಲ್ಲ. ನನಗೆ ನೀರು ತಿಳಿಯಾಗಿ ಕಾಣ್ಬೇಕು. ನಮ್ಮ ತೋಟದ ಬಾವೀಲಿ ಪಾಚಿ ಬಂದ್ರೆ ಏನ್ ಮಾಡ್ತೀವಿ ಗೊತ್ತೇನ್ರೀ? ಮೈಲುತುತ್ತ.”

ಅಡಿಕೆಯ ಕೊಳೆರೋಗಕ್ಕೆ ಸುಣ್ಣದ ಜೊತೆ ಕಲಸಿ ಹೊಡೆಯುವ ನೀಲಿ ಹರಳು ಅದು. ಪಾಚಿಗೆ ವಿಷ. ಮೀನಿಗೂ ವಿಷ. ಮರುದಿನ ಅವರ ತೋಟದಿಂದ ಎರಡು ಚೀಲ ಬಂತು.

ಹನುಮಣ್ಣ ಚೀಲ ನೋಡಿ ನನ್ನ ಮುಖ ನೋಡಿದ. “ಇದನ್ನ ಹಾಕಿದ್ರೆ ಹಸಿರು ಸಾಯುತ್ತಲ್ಲ ಇನಿಸ್ಪೆಟ್ರೇ?”

“ಅಧ್ಯಕ್ಷರು ಹೇಳವ್ರೆ.”

“ಅಧ್ಯಕ್ಷರು ಹೇಳಿದ್ದು ಕೇಳಿಸ್ತು. ನೀನೇನಂತೀಯ?”

ನಾನೇನು ಅಂದೆ? ಗಲ್ಲ ಮೇಲೆತ್ತಿ, ಬಾಯಿ ತುಂಬಿದವನಂತೆ, “ನೀರು ತಿಳಿಯಾಗಿ ಕಾಣ್ಬೇಕು ಕಣ್ರೀ” ಎಂದೆ. ಹನುಮಣ್ಣನಿಗೆ ನಗು ಬಂತು. ನಗುತ್ತಲೇ ಚೀಲ ಬಿಚ್ಚಿದ. ಬೇಡ ಎಂಬ ಎರಡಕ್ಷರವನ್ನು ಹೇಳಬೇಕಾದ ಜಾಗದಲ್ಲಿ ನಾನು ಆಟ ಆಡಿದೆ. ಅಣಕಿಸುವವನ ಅನುಕೂಲವೇ ಅದು. ತನ್ನ ಮಾತು ಹೇಳುವ ಹೊತ್ತು ಬಂದಾಗ ಬೇರೆಯವರ ಬಾಯೊಳಗೆ ಹೋಗಿ ಕೂತುಬಿಡಬಹುದು.

ಎರಡು ದಿನಕ್ಕೆ ನೀರು ಕನ್ನಡಿಯಾಯಿತು. ಪಿಂಗಾಣಿ ತಟ್ಟೆ ತಳದವರೆಗೂ ಕಾಣುತ್ತಿತ್ತು. ದೊಡ್ಡ ಅಧಿಕಾರಿ ಬಂದರು, ಕರವಸ್ತ್ರವನ್ನು ಮೂಗಿನ ಹತ್ತಿರ ಹಿಡಿದು ಆಮೇಲೆ ಇಳಿಸಿದರು, “ವಾಸನೆಯೇ ಇಲ್ಲವಲ್ಲ!” ಎಂದರು. ಅಧ್ಯಕ್ಷರ ಗಲ್ಲ ಇನ್ನೊಂದು ಗೇಣು ಮೇಲೆ ಹೋಯಿತು. ನಾನು ಹಿಂದೆ ನಿಂತು ಹಲ್ಲು ಬಿಡುತ್ತಿದ್ದೆ.

ಆರನೇ ದಿನ ಸತ್ತ ಪಾಚಿ ತಳದಿಂದ ಚಕ್ಕೆ ಚಕ್ಕೆಯಾಗಿ ಎದ್ದಿತು. ನೀರು ಬೂದಿಯಾಗಿ, ಆಮೇಲೆ ಇದ್ದಿಲಿನ ಬಣ್ಣಕ್ಕೆ ತಿರುಗಿತು. ಹನುಮಣ್ಣ ತಟ್ಟೆ ಇಳಿಬಿಟ್ಟ. ಮೊದಲ ಗಂಟೂ ಮುಟ್ಟುವ ಮುಂಚೆ ಮಾಯ. “ಏನು ಬರ್ಕೊಳ್ಲಿ?” ಎಂದೆ. “ನನ್ನ ಹತ್ರ ಈ ಬಣ್ಣಕ್ಕೆ ಹೆಸ್ರಿಲ್ಲ” ಎಂದ. ಇಡೀ ಊರಿಗೆ ಕೊಳೆತ ಮೊಟ್ಟೆಯ ನಾತ ಹೊಡೆಯಿತು. ರಜೆಯಿಂದ ಬಂದ ಇಂಜಿನಿಯರ್ ಸಾಹೇಬರು ಏರಿಯ ಮೇಲೆ ನಿಂತು ಗಂಟಲನ್ನೂ ಸರಿ ಮಾಡಿಕೊಳ್ಳಲಿಲ್ಲ. “ಹೊಸ ಹಸಿರು ಬರೋವರೆಗೂ ಈ ನೀರಿನ ಒಂದು ತೊಟ್ಟೂ ಹೊಳೆಗೆ ಇಳೀಬಾರ್ದು” ಎಂದರು. ‘ತಿಳೀತೇನ್ರೀ’ ಎನ್ನುವುದನ್ನೂ ಮರೆತರು.

ನಾಲ್ಕೂ ಹಲಗೆ ಬಿಗಿಯಾಗಿದ್ದವು. ಹಾಗೇ ಬಿಸಿಲು ಕಾದಿದ್ದರೆ ಉಳಿಯುತ್ತಿದ್ದೆವೇನೋ. ಆದರೆ ಒಂದು ವಾರದೊಳಗೆ ಹದವಿಲ್ಲದ ಮಳೆ ಹೊಡೆಯಿತು. ಊರಿನ ಚರಂಡಿಯೆಲ್ಲ ಕಟ್ಟೆ ಮೀರಿ ಹೊಂಡಕ್ಕೆ ನುಗ್ಗಿತು. ಹೊಳೆ ಹರಿಯುವಷ್ಟು ಮಳೆಯಲ್ಲ, ಹೊಂಡ ತುಂಬುವಷ್ಟು ಮಾತ್ರ. ಆ ದಿನ ನಾನು ಸಖರಾಯಪಟ್ಟಣದಲ್ಲಿ ಚುಚ್ಚುಮದ್ದಿನ ಕೆಲಸಕ್ಕೆ ಹೋಗಿದ್ದೆ. ಸಾಹೇಬರು ಸಭೆಗೆಂದು ಚಿಕ್ಕಮಗಳೂರಿಗೆ ಹೋಗಿದ್ದರು. ಅಲ್ಲಿಯೂ ಮಳೆ ಬಿದ್ದದ್ದನ್ನು ನೋಡಿ ಅವರಿಗೆ ಹೊಂಡದ ನೆನಪಾಯಿತು. ಟ್ರಂಕ್ ಕಾಲ್ ಹಾಕಿದರು.

ಆಮೇಲೆ ನಡೆದದ್ದನ್ನು ಮಾರನೆಯ ದಿನ ಸಂಜೆ ಹನುಮಣ್ಣನ ಬಾಯಿಂದಲೇ ಕೇಳಿದೆ. ಅವನು ಅಣಕಿಸಲಿಲ್ಲ, ಇದ್ದದ್ದನ್ನು ಇದ್ದಂತೆ ಒಪ್ಪಿಸಿದ.

ಫೋನು ಬಂತು. ಹೆಣ್ಣುಮಗಳು, “ಚಿಕ್ಕಮಗಳೂರು ಟ್ರಂಕ್ ಕಾಲ್, ಮಾತಾಡಿ” ಎಂದಳು. ಗೊರಗೊರ ಎಂದಿತು. ಆಮೇಲೆ ಸಾಹೇಬರು: “ಹನುಮಯ್ಯ, ಹಲಗೆ ಮುಟ್ಬೇಡಿ. ನೀರು ಜಾಸ್ತಿ ಆದ್ರೆ ಮೈದಾನದ ಕಡೆ ಏರೀನ ನೀವೇ ಕಡಿದುಬಿಡಿ. ನೀರು ಬಯಲಿಗೆ ಹೋಗ್ಲಿ. ತಿಳೀತೇನ್ರೀ?”

ಏರಿಯನ್ನು ಹನ್ನೆರಡು ವರ್ಷ ಕಾಪಾಡಿದವನಿಗೆ ಏರಿಯನ್ನೇ ಕಡಿ ಎನ್ನುವ ಆಜ್ಞೆ. ಅದಕ್ಕಿಂತ ವಿಚಿತ್ರ ಯಾವುದು? ಹನುಮಣ್ಣ ಮಳೆಯ ಗಡಿಬಿಡಿಯಲ್ಲಿ, “ಏ ಬಿಡೋ ಇನಿಸ್ಪೆಟ್ರಪ್ಪಾ, ಇಲ್ಲಿ ಪ್ರಾಣಕ್ಕೆ ಬಂದೈತೆ, ನಿನಗೆ ತಮಾಷೆ. ಕಪ್ಪೆ ಲೆಕ್ಕ ನಾಳೆ ಕೊಡ್ತೀನಿ ಇಡು!” ಎಂದು ಇಟ್ಟು ಏರಿಗೆ ಓಡಿದ. ಗೊರಗೊರದಲ್ಲಿ ಅವನ ಮಾತು ಸಾಹೇಬರಿಗೆ ತಿಳಿಯಲಿಲ್ಲ; ಅವರು ಮತ್ತೆ ಮಾಡಿದಾಗ ಪಂಪ್‌ಹೌಸಿನಲ್ಲಿ ಯಾರೂ ಇರಲಿಲ್ಲ. ಏರಿ ಹಳ್ಳದ ಕಡೆ ಜಿನುಗುತ್ತಿತ್ತು. ಅದು ಒಡೆದರೆ ಎರಡು ಹೊಂಡವೂ ಒಂದೇ ಸಲ ಹೊಳೆಗೆ ಹೋಗುತ್ತವೆಂದು ಅವನಿಗೆ ಹೆದರಿಕೆಯಾಯಿತು. ಸ್ವಲ್ಪ ಹೋದರೆ ಪೂರ್ತಿ ಹೋಗುವುದು ತಪ್ಪುತ್ತದೆ ಎಂದುಕೊಂಡು ಮೇಲಿನ ಎರಡು ಹಲಗೆ ಎತ್ತಿದ.

ಕಪ್ಪು ನೀರು ಹಳ್ಳದಲ್ಲಿಳಿದು ಒಣ ಹೊಳೆಯ ಮರಳಿಗೆ ಹೋಗಿ ನಿಂತಿತು. ಚಿಲುಮೆಗಳಿಗೆ ಇಳಿಯಿತು. ಮಳೆಯ ಕೆಂಪು ನೀರಿನ ಜೊತೆ ಬೆರೆತಿದ್ದರಿಂದ ಬಣ್ಣ ಯಾರಿಗೂ ಗೊತ್ತಾಗಲಿಲ್ಲ. ಹೆಂಗಸರು ವಾಡಿಕೆಯಂತೆ ಮೊದಲಿನದನ್ನು ಮೊಗೆದು ಚೆಲ್ಲಿ ಊರಿದ್ದನ್ನು ತುಂಬಿಕೊಂಡರು.

ಮಾರನೆಯ ದಿನ ಮಧ್ಯಾಹ್ನದಿಂದ ಆ ಹಳ್ಳಿಯಲ್ಲಿ ವಾಂತಿಭೇದಿ ಶುರುವಾಯಿತು. ಗಾಡಿಗಳಲ್ಲಿ ಹಾಕಿಕೊಂಡು ಕಡೂರಿನ ಆಸ್ಪತ್ರೆಗೆ ತಂದರು. ಹೊಂಡದ ಕೊಳೆಯೋ ಮೈಲುತುತ್ತವೋ, ಎರಡೂ ಸೇರಿಯೋ, ವೈದ್ಯರಿಗೂ ಬಿಡಿಸಿ ಹೇಳಲಾಗಲಿಲ್ಲ. ಎಲ್ಲರೂ ಎದ್ದರು, ಕೆಂಚಮ್ಮನೊಬ್ಬಳನ್ನು ಬಿಟ್ಟು. ನಾನು ಜಗಲಿಯಲ್ಲಿ ನಿಂತಿದ್ದೆ. ಅವಳ ಸೊಸೆ ಹೊರಗೆ ಬಂದು ಗೋಡೆಗೆ ಒರಗಿ ಕೂತಳು. ಅತ್ತಳೇ ಎಂದು ನೋಡಲಿಲ್ಲ, ನೋಡುವ ಧೈರ್ಯವಿರಲಿಲ್ಲ.

ವಿಚಾರಣೆಗೆ ಚಿಕ್ಕಮಗಳೂರಿನಿಂದ ಒಬ್ಬ ಅಧಿಕಾರಿ ಬಂದರು. ನಮ್ಮ ಕಚೇರಿಯಲ್ಲೇ ಮೇಜು ಹಾಕಿದರು. ಇಂಜಿನಿಯರ್ ಸಾಹೇಬರು ತಾವು ಫೋನ್ ಮಾಡಿದ್ದನ್ನು ಹೇಳಿದರು. ಎಕ್ಸ್‌ಚೇಂಜಿನ ಚೀಟಿಯೂ ಇತ್ತು. ಮೈಲುತುತ್ತದ ಮಾತನ್ನು ಯಾರೂ ಎತ್ತಲಿಲ್ಲ. ಹನುಮಣ್ಣ ಕೈಕಟ್ಟಿ ನಿಂತಿದ್ದ. ಅವನಿಗೆ ಒಂದು ವಾಕ್ಯ ಸಾಕಿತ್ತು: ನಮ್ಮ ಇನ್‌ಸ್ಪೆಕ್ಟರು ಹೀಗೆ ಆಟ ಆಡ್ತಾರೆ, ಅದಕ್ಕೇ ನಂಬಲಿಲ್ಲ. ನಾನು ಬಾಗಿಲಲ್ಲಿ ನಿಂತು ಆ ವಾಕ್ಯಕ್ಕೆ ಕಾಯುತ್ತಿದ್ದೆ.

“ಫೋನ್ ಬಂದಿದ್ದು ನಿಜವೇನಪ್ಪ?”

“ಇಲ್ಲ ಸ್ವಾಮಿ. ಯಾವ ಫೋನೂ ಬರ್ಲಿಲ್ಲ.”

“ಚೀಟಿಯಲ್ಲಿ ನೀನು ಎತ್ತಿಕೊಂಡಿದ್ದು ಇದೆ.”

“ನಾನು ಎತ್ಲಿಲ್ಲ ಸ್ವಾಮಿ.”

ಅಧಿಕಾರಿ ನನ್ನ ಕಡೆ ತಿರುಗಿದರು. “ಇನ್‌ಸ್ಪೆಕ್ಟರ್, ನಿಮಗೇನಾದರೂ ಗೊತ್ತೇ?”

ಊರಿನ ಯಾರ ಧ್ವನಿಯನ್ನು ಬೇಕಾದರೂ ತೆಗೆಯಬಲ್ಲವನು ನಾನು. ಆಗ ಬಂದದ್ದು ನನ್ನದೇ ಧ್ವನಿ, ತೆಳ್ಳಗೆ. “ಇಲ್ಲ ಸಾರ್.”

ಸುಳ್ಳು ಹೇಳಿದ್ದಕ್ಕೂ ಹಲಗೆ ತೆಗೆದದ್ದಕ್ಕೂ ಸೇರಿಸಿ ಹನುಮಣ್ಣನನ್ನು ಕೆಲಸದಿಂದ ತೆಗೆದರು. ಖಾಯಂ ಮಾಡುವ ಕಡತ ಚಿಕ್ಕಮಗಳೂರಿನಿಂದ ವಾಪಸು ಬಂತು, ಅದರ ಮೇಲೆ ‘ಅಗತ್ಯವಿಲ್ಲ’ ಎಂದು ಬರೆದಿತ್ತು.

ಒಂದು ತಿಂಗಳು ತಡೆದುಕೊಂಡೆ. ಆಮೇಲೆ ಎಲ್ಲವನ್ನೂ ಎರಡು ಹಾಳೆಯಲ್ಲಿ ಬರೆದು ಇಂಜಿನಿಯರ್ ಸಾಹೇಬರ ಕೈಗೆ ಕೊಟ್ಟೆ. ಅವರು ಓದಿದರು. ಮತ್ತೆ ಓದಿದರು. “ನನ್ನ ಧ್ವನೀಲಾ?” ಎಂದರು. ತಲೆ ಆಡಿಸಿದೆ. ಬೈಯುತ್ತಾರೆಂದು ಕಾದೆ. ಅವರು ಹಾಳೆಯನ್ನು ನಾಲ್ಕು ಮಡಿಕೆ ಮಾಡಿದರು.

“ಇದನ್ನ ಮೇಲೆ ಕಳಿಸಿದ್ರೆ ನೀನು ಹೋಗ್ತೀಯ. ಬರಹದಲ್ಲಿ ಆರ್ಡರ್ ಕೊಡದೇ ಬಾಯಲ್ಲಿ ಹೇಳಿದ್ದಕ್ಕೆ ನಾನೂ ಹೋಗ್ತೀನಿ. ಆ ಮೈಲುತುತ್ತಾನೂ ಹೊರಗೆ ಬರುತ್ತೆ. ಹನುಮಯ್ಯ ಮಾತ್ರ ವಾಪಸ್ ಬರಲ್ಲ, ಹಲಗೆ ತೆಗೆದವನು ಅವನೇ ತಾನೇ? ತಗೋ.”

ತಗೊಂಡೆ. ಅಲ್ಲಿಂದ ಇಳಿದು ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಹೋಗಿ ಎರಡು ಮಸಾಲೆದೋಸೆ ತಿಂದೆ. ತಿಂಗಳಿಂದ ಅಷ್ಟು ಹಸಿವಾಗಿರಲಿಲ್ಲ. ಪಶ್ಚಾತ್ತಾಪಪಟ್ಟೆ ಎಂದು ಬರೆಯುವವರು ಇಂಥ ದೋಸೆಯನ್ನು ಬಿಟ್ಟುಬಿಡುತ್ತಾರೆ.

ಹತ್ತು ತಿಂಗಳು ಹೊಂಡದ ಕಡೆ ಹೋಗಲಿಲ್ಲ. ಹೊಸ ಆಪರೇಟರು ಬಂದಿದ್ದ; ಅವನು ಹೇಳಿದ್ದನ್ನು ಕಚೇರಿಯಲ್ಲೇ ಕೂತು ಬರೆದುಕೊಳ್ಳುತ್ತಿದ್ದೆ. ಅಣಕಿಸುವುದೂ ನಿಂತಿತ್ತು. ಗೆಳೆಯರು, “ಯಾಕೋ, ಗಂಟ್ಲು ಕಟ್ಟೈತಾ?” ಎನ್ನುತ್ತಿದ್ದರು. ಚಳಿಗಾಲದ ಕೊನೆಗೆ ಕೆಲಸದ ಮೇಲೆ ಅಜ್ಜಂಪುರಕ್ಕೆ ಹೋದೆ. ಅಲ್ಲಿ ಒಂದು ಎಣ್ಣೆಗಾಣದ ಅಂಗಳದಲ್ಲಿ ಹನುಮಣ್ಣ ಹಿಂಡಿಯ ಚೀಲ ಹೊಲಿಯುತ್ತಾ ಕೂತಿದ್ದ. ಅಜ್ಜಂಪುರ ಅವನ ಹೆಂಡತಿಯ ತವರು. ನನ್ನನ್ನು ನೋಡಿ ದಬ್ಬಣ ಇಳಿಸಿದ. ಕೋಪವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

“ಹನುಮಣ್ಣ, ನೀನು ಯಾಕೆ ನನ್ನ ಹೆಸ್ರು ಹೇಳ್ಲಿಲ್ಲ?”

“ಹೇಳಿದ್ರೆ ಇಬ್ರೂ ಹೋಗ್ತಿದ್ವಿ. ಆಮೇಲೆ ಹೊಂಡ ನೋಡೋರು ಯಾರು? ನಿನಗೊಬ್ಬನಿಗೆ ತಾನೇ ಆ ಬಣ್ಣ ಎಲ್ಲ ಗೊತ್ತಿದ್ದದ್ದು.” ಆಮೇಲೆ ಕೇಳಿದ, “ಈಗ ಹೆಂಗೈತೆ ಹಸಿರು?”

“ಚೆನ್ನಾಗೈತೆ. ಗಿಳಿಹಸಿರು.”

ಹನುಮಣ್ಣ ದಬ್ಬಣ ಎತ್ತಿಕೊಂಡ. “ಈ ಚಳೀಲಿ ಗಿಳಿಹಸಿರು ಬರಲ್ಲ ಕಣಪ್ಪ” ಎಂದು ಮತ್ತೆ ಚೀಲ ಹೊಲಿಯತೊಡಗಿದ. ನಾನು ಬಸ್ಸಿಗೆ ಹೊರಟೆ.

ಮಾರನೆಯ ಬೆಳಿಗ್ಗೆ ಸೈಕಲ್ ತುಳಿದುಕೊಂಡು ಹೊಂಡಕ್ಕೆ ಹೋದೆ. ನೀರು ಮಂಕು ಹುಣಸೆಚಿಗುರಾಗಿತ್ತು. ತೂಬಿನಲ್ಲಿ ಮೂರೇ ಹಲಗೆ. ನಾಲ್ಕನೆಯದರ ಜಾಗಕ್ಕೆ ಗೋಣಿತಾಟು ತುರುಕಿದ್ದರು. ಸಂದಿಯಿಂದ ನೀರು ಬೆರಳಗಲ ಇಳಿಯುತ್ತಿತ್ತು. ಎಷ್ಟು ದಿನದಿಂದ ಎಂದು ಕೇಳಿದರೆ ಹೊಸ ಆಪರೇಟರಿಗೆ ಗೊತ್ತಿಲ್ಲ. ಗೊತ್ತಿರಬೇಕಾದವನು ನಾನಾಗಿದ್ದೆ. 

ಬಡಗಿಯನ್ನು ಕರೆಸಿ, ಅವನ ಪಕ್ಕದಲ್ಲೇ ನಿಂತು ಹಲಗೆ ಕೂರಿಸಿದೆ, ಸಂದಿಗೆ ಜೇಡಿ ಮೆತ್ತಿದೆ. ನೀರು ನಿಂತಿತು. ಆಮೇಲೆ ಹಳ್ಳದ ಗುಂಟ ನಡೆದೆ. ಸೋರಿದ ನೀರು ಅರ್ಧ ದಾರಿಯಲ್ಲೇ ಮಣ್ಣಿಗೆ ಇಂಗಿಹೋಗಿತ್ತು, ಹೊಳೆಯವರೆಗೆ ಬಂದಿರಲಿಲ್ಲ. ಅದನ್ನು ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡೆ.

ಮರಳಿನಲ್ಲಿ ಆ ವರ್ಷದ ಚಿಲುಮೆ ತೋಡಿಯಾಗಿತ್ತು. ಕೆಂಚಮ್ಮನ ಸೊಸೆ ಒಬ್ಬಳೇ ಇದ್ದಳು. ಕೊಡ ತುಂಬಿಸಿ ಸಿಂಬೆ ಸುತ್ತುತ್ತಿದ್ದಳು. ನನ್ನನ್ನು ನೋಡಿದಳು. ತುಂಬಿದ ಕೊಡವನ್ನು ಮರಳಿನ ಮೇಲೆ ಬೋರಲು ಹಾಕಿದಳು.

“ನೀರು ಚೆನ್ನಾಗೈತೆ ಕಣಮ್ಮ. ನಾನೇ ಮೇಲಿಂದ ನೋಡ್ಕೊಂಡು ಬಂದೆ.”

“ಹಂಗಾದ್ರೆ ಕುಡೀರಿ” ಎಂದಳು.

ಮಂಡಿಯೂರಿ ಬೊಗಸೆಯಲ್ಲಿ ಮೊಗೆದು ಕುಡಿದೆ. ಅವಳು ನೋಡುತ್ತಿದ್ದಳು. ಕೊಡಕ್ಕೆ ತುಂಬಿಕೊಳ್ಳಲಿಲ್ಲ. ಬರಿಕೊಡ ಸೊಂಟಕ್ಕೇರಿಸಿ ಹಳ್ಳಿಯ ದಾರಿ ಹಿಡಿದಳು. ತಿರುಗಿ, “ನಾಳೆ ಬನ್ನಿ. ನೀವು ಬಂದ್ಮೇಲೆ ತುಂಬ್ಕೋತೀವಿ” ಎಂದಳು.

ಮಾರನೆಯ ದಿನ ಹೋದೆ. ಏಳೆಂಟು ಹೆಂಗಸರು ಕೊಡ ಇಟ್ಟುಕೊಂಡು ದಡದ ಮೇಲೆ ಕೂತಿದ್ದರು. ನಾನು ಸೈಕಲ್ ಇಳಿದು ನನ್ನ ಕಾಲ ಮೇಲೆ ನಿಂತದ್ದನ್ನು ನೋಡಿ ಎದ್ದು ಚಿಲುಮೆಗೆ ಇಳಿದರು. ಯಾರೂ ನಗಲಿಲ್ಲ.

ಅಲ್ಲಿಂದ ಮುಂದೆ, ಎಂಬತ್ತರ ದಶಕದಲ್ಲಿ ಆ ಹಳ್ಳಿಗೆ ಕೊಳವೆಬಾವಿ ಬಂದು ನನಗೆ ವರ್ಗವಾಗುವವರೆಗೆ, ಪ್ರತಿ ಬೇಸಿಗೆ ಹಾಗೇ ನಡೆಯಿತು. ಬೆಳಿಗ್ಗೆ ಹಲಗೆ ನೋಡುವುದು, ಹಳ್ಳದಲ್ಲಿ ನಡೆಯುವುದು, ಅವರ ಎದುರಿಗೆ ಕುಡಿಯುವುದು. ಹಿಂದಿನ ದಿನ ಕುಡಿದವನು ಬದುಕಿದ್ದಾನೆಂದು ಕಂಡ ಮೇಲೆ ಅವರು ಕೊಡ ತುಂಬುವುದು. ನನಗೆ ಜ್ವರ ಬಂದು ಎರಡು ದಿನ ಹೋಗದಿದ್ದಾಗ ಅವರು ಎರಡು ದಿನವೂ ಒಂದು ಹರದಾರಿ ದೂರದ ಬಾವಿಯಿಂದ ಹೊತ್ತು ತಂದರಂತೆ. ಮೂರನೆಯ ದಿನ ನಡುಗುತ್ತಲೇ ಸೈಕಲ್ ಹತ್ತಿದೆ.